ಒರೆಸದೆ ಬಿಟ್ಟ ಪೌಡರು

ಆಸ್ಪತ್ರೆಯ ಕೆಳಮಹಡಿಯ ಕೊನೇ ಕೋಣೆಗೆ ಹೋಗಿ ಬಂದ ಹೆಂಗಸರು ಆಕೆಗೆ ಇಟ್ಟ ಹೆಸರು ಒತ್ತಮ್ಮ. ಇಟ್ಟವರು ಯಾರು ಎಂದರೆ ಯಾರೂ ಒಪ್ಪಿಕೊಳ್ಳುವುದಿಲ್ಲ, ಕರೆಯುವುದು ಮಾತ್ರ ಎಲ್ಲರೂ. ಹೆಂಗಸರ ಎದೆಯ ಚಿತ್ರ ತೆಗೆಯುವ ಮ್ಯಾಮೋಗ್ರಾಮ್ ಯಂತ್ರ ಆಕೆಯ ಸುಪರ್ದಿಯಲ್ಲಿತ್ತು. ಎರಡು ಹಲಗೆಗಳ ನಡುವೆ ಎದೆಯನ್ನಿಟ್ಟು ಚಪ್ಪಟೆಯಾಗುವಷ್ಟು ಒತ್ತದಿದ್ದರೆ ಆ ಯಂತ್ರಕ್ಕೆ ಒಳಗಿನದು ಸರಿಯಾಗಿ ಕಾಣುವುದಿಲ್ಲ. ಒತ್ತಿದರೆ ಬಂದವರ ಕಣ್ಣಲ್ಲಿ ನೀರು.

"ಏನ್ರೀ, ನಮ್ಮನ್ನೇನು ಇಸ್ತ್ರಿ ಮಾಡ್ತಿದ್ದೀರಾ?" ಎಂದು ಯಾರಾದರೂ ರೇಗಿದರೆ ಒತ್ತಮ್ಮನ ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು: "ಹೌದು ಕಣ್ರೀ. ಮಡಿಕೆ ಉಳಿದ್ರೆ ಚಿತ್ರ ಸುಳ್ಳು ಹೇಳುತ್ತೆ. ಎರಡು ನಿಮಿಷ ಹಲ್ಲು ಕಚ್ಚಿಕೊಳ್ಳಿ, ಆಮೇಲೆ ನನ್ನನ್ನ ಎಷ್ಟು ಬೇಕಾದ್ರೂ ಬೈಕೊಳ್ಳಿ."

ಇನ್ನೊಂದು ಮಾತಿತ್ತು. ಕೋಣೆಯೊಳಗೆ ಕಾಲಿಟ್ಟ ಯಾರಿಗೇ ಆಗಲಿ ಆಕೆ ಹೇಳುತ್ತಿದ್ದ ಮೊದಲ ಮಾತು "ಒರೆಸ್ಕೊಳ್ಳಿ". ಒದ್ದೆ ಬಟ್ಟೆಯ ಚೂರೊಂದನ್ನು ಕೈಗೆ ಕೊಟ್ಟು, ಕಂಕುಳು, ಎದೆಯ ಕೆಳಗೆ, ಎಲ್ಲ ಒರೆಸಿಸಿ, ತಾನೇ ಬಗ್ಗಿ ನೋಡಿ ಆಮೇಲೆಯೇ ಯಂತ್ರದ ಹತ್ತಿರ ಬಿಡುತ್ತಿದ್ದಳು. ಮೈಗೆ ಹಚ್ಚಿಕೊಂಡ ಪೌಡರು ಚಿತ್ರದಲ್ಲಿ ಬಿಳೀ ಚುಕ್ಕಿಗಳಾಗಿ ಮೂಡುತ್ತದೆ. ಕೆಲವು ಕ್ಯಾನ್ಸರು ಶುರುವಾಗುವಾಗ ಮೊದಲು ತೋರುವುದೂ ಅಂಥವೇ ಬಿಳೀ ಚುಕ್ಕಿಗಳಾಗಿ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟರೆ ಚಿತ್ರ ಓದುವ ಡಾಕ್ಟರಮ್ಮನಿಗೂ ಒಂದು ಗಳಿಗೆ ಅನುಮಾನ ಬರುತ್ತದೆ. ಡಾಕ್ಟರಮ್ಮನ ಸ್ವಂತ ತಾಯಿ ಬಂದಾಗಲೂ ಒತ್ತಮ್ಮ ಮುಲಾಜಿಲ್ಲದೆ ಒರೆಸಿಸಿದವಳು. "ನಮ್ಮಮ್ಮನಿಗೆ ಸ್ನಾನ ಮಾಡಿಸಿ ಕಳಿಸಿದ್ದೀರಂತೆ" ಎಂದು ಡಾಕ್ಟರಮ್ಮ ನಕ್ಕಿದ್ದರು.

ಒತ್ತಮ್ಮನಿಗೆ ಮದುವೆಯಾಗಿರಲಿಲ್ಲ. ಯಾಕೆ ಎಂದು ಕೆದಕಿದವರಿಗೆ "ನಮ್ಮಕ್ಕನ ಮದುವೆ ನೋಡೇ ಹೊಟ್ಟೆ ತುಂಬಿಹೋಯ್ತು" ಎನ್ನುತ್ತಿದ್ದಳು. ಕೇಳಿದವರು ನಗುತ್ತಿದ್ದರು. ನಗುವ ಮಾತಾಗಿರಲಿಲ್ಲ ಅದು.

ಅಕ್ಕನನ್ನು ಕೊಟ್ಟ ಮನೆ ಅನುಕೂಲಸ್ಥರದ್ದೇ. ಅಲ್ಲಿ ಅತ್ತೆಯ ಮಾತೇ ಮಾತು. ನೆಂಟರು, ಕೆಲಸದವರು, ಕೊನೆಗೆ ಸ್ವಂತ ಮಗ ಕೂಡ ಆಕೆಯನ್ನು ಯಜಮಾನಿ ಎಂದೇ ಕರೆಯುತ್ತಿದ್ದರು. ಮಗನೋ, ಅಮ್ಮನ ಸೆರಗು ಬಿಡದ ಪ್ರಾಣಿ. ಅಕ್ಕನಿಗೆ ಹೆಣ್ಣುಮಗು ಹುಟ್ಟಿತು. ಕಣ್ಣು ಅತ್ತಿತ್ತ ಹೊರಳಿಸುತ್ತ ಸದಾ ಕಿಚಕಿಚ ಎನ್ನುತ್ತಿದ್ದ ಅದನ್ನು ಒತ್ತಮ್ಮ ಗುಬ್ಬಿ ಎಂದು ಕರೆದಳು, ಅದೇ ಹೆಸರು ನಿಂತಿತು. ಗುಬ್ಬಿ ಇನ್ನೂ ಎದೆಹಾಲು ಕುಡಿಯುತ್ತಿದ್ದಾಗಲೇ ಅಕ್ಕನ ಎದೆಯಲ್ಲಿ ಗಂಟೊಂದು ಕೈಗೆ ಸಿಕ್ಕಿತು. ಅಕ್ಕ ತಂಗಿಯ ಕೈ ಹಿಡಿದು ಅದರ ಮೇಲೆ ಇಟ್ಟು, "ನೋಡೇ, ಗೋಲಿ ಇದ್ದ ಹಾಗಿದೆ" ಎಂದಳು.

ಆಸ್ಪತ್ರೆಗೆ ಹೋಗೋಣ ಎಂದು ತಂಗಿ ಹಟ ಹಿಡಿದಳು. ಯಜಮಾನಿ ಮೂಗು ಮುರಿದರು. "ಹಾಲು ಕಟ್ಕೊಂಡಿದೆ ಅಷ್ಟೇ. ನಾವೂ ಮಕ್ಕಳನ್ನ ಹೆತ್ತಿದ್ದೀವಿ. ನಮ್ಮನೆ ಹೆಂಗಸರು ಕಂಡಕಂಡವರ ಮುಂದೆ ಎದೆ ಬಿಚ್ಚಿ ನಿಲ್ಲೋರಲ್ಲ." ಭಾವ ಚಾವಣಿ ನೋಡುತ್ತ ಕೂತ. ಗೋಲಿ ನಿಂಬೆಹಣ್ಣಾಯಿತು, ಕಂಕುಳಲ್ಲಿ ಇನ್ನೊಂದು ಎದ್ದಿತು. ಆಮೇಲೆ ಕರೆದುಕೊಂಡು ಹೋದರು. ಅಲ್ಲಿನ ವೈದ್ಯರು "ಇಷ್ಟು ದಿನ ಏನು ಮಾಡ್ತಿದ್ರಿ?" ಎಂದು ಕೇಳಿದಾಗ ಯಜಮಾನಿ ಒಂದು ಕ್ಷಣವೂ ತಡವರಿಸದೆ ಹೇಳಿದ ಮಾತು, ಮಂಚದ ಮೇಲಿದ್ದ ಅಕ್ಕನಿಗೆ ಕೇಳಿಸುವಂತೆಯೇ ಹೇಳಿದ್ದು: "ಇವಳು ನಮಗೆ ಹೇಳಲೇ ಇಲ್ವಲ್ಲ ಡಾಕ್ಟ್ರೇ."

ಅಕ್ಕ ಗೋಡೆ ಕಡೆ ತಿರುಗಿ ಮಲಗಿದಳು. ಆ ವರ್ಷವೇ ಹೋದಳು.

ಸತ್ತದ್ದಕ್ಕಿಂತ ಆ ಮಾತು ಒತ್ತಮ್ಮನ ಮೈ ಉರಿಸಿತು. ಕೊಂದದ್ದಲ್ಲದೆ ತಪ್ಪನ್ನೂ ಸಾಯುವವಳ ತಲೆಗೇ ಕಟ್ಟಿದರಲ್ಲ! ಹೋಗಿ ಆ ಮನೆಯ ನಡುಕೋಣೆಯಲ್ಲಿ ನಿಂತು ಬಾಯಿಗೆ ಬಂದದ್ದೆಲ್ಲ ಅಂದಳು. ಯಜಮಾನಿ ಬಾಗಿಲು ತೋರಿಸಿದರು. ಇನ್ನು ಈ ಮೆಟ್ಟಿಲು ಹತ್ತಬೇಡ, ಮಗುವಿನ ಹತ್ತಿರ ಸುಳಿಯಬೇಡ ಎಂದರು. ಮಗುವಿಗೆ ನಿಮ್ಮಮ್ಮ ಜ್ವರ ಬಂದು ಹೋದಳು ಎಂದು ಹೇಳಿ ಬೆಳೆಸಿದರು. ಆ ರೋಗದ ಹೆಸರು ಹೊರಗೆ ಬಿದ್ದರೆ ನಾಳೆ ಹುಡುಗಿಯನ್ನು ಯಾರು ತಂದುಕೊಳ್ಳುತ್ತಾರೆ ಎಂಬುದು ಯಜಮಾನಿಯ ಲೆಕ್ಕ.

ಒತ್ತಮ್ಮ ಈ ಕೆಲಸ ಕಲಿತದ್ದು ಸೇವೆ ಮಾಡೋಣ ಎಂದೇನಲ್ಲ. ಸೇವೆಯ ಮಾತು ಆಸ್ಪತ್ರೆಯ ಗೋಡೆಯ ಮೇಲೆ ಬರೆದಿತ್ತು, ಅದು ಗೋಡೆಯ ಪಾಡು. ಆಕೆ ಕಲಿತದ್ದು ಅಕ್ಕನ ಸಾವಿನ ಸಂಕಟಕ್ಕೆ. ಊರಲ್ಲಿ ಇಂಥ ಯಂತ್ರ ಇದ್ದದ್ದು ಒಂದೇ. ಯಾವತ್ತಾದರೂ ಒಂದು ದಿನ ಯಜಮಾನಿ ಅದೇ ಮೈ, ಅದೇ ಮಾನ ಹೊತ್ತುಕೊಂಡು ತನ್ನ ಮುಂದೆ ಬಂದು ನಿಲ್ಲಲೇಬೇಕು ಎಂದು ಕಾದಳು. ಕಾಯುವುದರಲ್ಲಿ ತಲೆ ನೆರೆಯಿತು, ಕಾಯುವುದು ನಿಲ್ಲಲಿಲ್ಲ.

ಈ ನಡುವೆ ಗುಬ್ಬಿ ದೊಡ್ಡವಳಾದಳು, ಮದುವೆಯಾದಳು, ಒಂದು ಮಗುವಿನ ತಾಯಿಯಾದಳು. ಎಲ್ಲ ಅವರಿವರ ಬಾಯಿಂದ ಕೇಳಿದ್ದು. ಅಕ್ಕ ಸತ್ತ ವಯಸ್ಸನ್ನು ಈಗ ಅವಳು ಮುಟ್ಟಿದ್ದಳು. ಅಷ್ಟು ಚಿಕ್ಕ ವಯಸ್ಸಿಗೆ ತಾಯಿಗೆ ಬಂದ ರೋಗ ಮಗಳನ್ನೂ ಹುಡುಕಿಕೊಂಡು ಬರಬಹುದು, ಅಂಥ ಮಗಳು ಬೇಗನೆ, ತಪ್ಪದೆ ಪರೀಕ್ಷೆ ಮಾಡಿಸಿಕೊಳ್ಳುತ್ತಿರಬೇಕು. ಇದನ್ನು ದಿನಾ ಬೇರೆಯವರ ಮಕ್ಕಳಿಗೆ ಹೇಳುವ ಒತ್ತಮ್ಮನಿಗೆ ಗೊತ್ತಿಲ್ಲದ್ದೇನಲ್ಲ. ಭಾವನಿಗೆ ಎರಡು ಸಲ ಹೇಳಿ ಕಳಿಸಿದ್ದಳು. ಅವನು ಕೇಳಿಸಿಕೊಂಡು ಸುಮ್ಮನಾದ. ತಾನೇ ಹೋಗಿ ಹೇಳಿದರೆ ಮುದುಕಿ ಹುಡುಗಿಯ ತಲೆ ತಿರುಗಿಸಿಬಿಡುತ್ತಾಳೆ, ಸತ್ಯ ಆ ಮುದುಕಿಯ ಬಾಯಿಂದಲೇ ಬರಬೇಕು, ಬರಿಸುತ್ತೇನೆ ಎಂಬುದು ಒತ್ತಮ್ಮನ ಪಟ್ಟು.

ಆ ದಿನ ಬಂದೇಬಿಟ್ಟಿತು. ಬೆಳಗಿನ ಹೊತ್ತು, ಯಂತ್ರ ಇನ್ನೂ ಆಗ ತಾನೇ ಬಿಸಿಯಾಗಿತ್ತು. ಬಾಗಿಲಲ್ಲಿ ಯಜಮಾನಿ! ಬೆನ್ನು ಬಾಗಿದೆ, ಗದ್ದ ಮಾತ್ರ ಮೊದಲಿನಷ್ಟೇ ಎತ್ತರ. ಎದೆಯಲ್ಲಿ ಏನೋ ಚಳುಕು ಎಂದು ವೈದ್ಯರು ಬರೆದುಕೊಟ್ಟಿದ್ದರಂತೆ, ಕಾರು ಮಾಡಿಸಿಕೊಂಡು ಬಂದಿದ್ದಾರೆ. ಸೊಸೆಯ ಗಂಟಿಗೆ ಸಿಗದ ಕಾರು ತಮ್ಮ ಚಳುಕಿಗೆ ಸಿಕ್ಕಿತ್ತು. ಜೊತೆಗೆ ಗುಬ್ಬಿ. ಅಕ್ಕನ ಕತ್ತು, ಅಕ್ಕನ ಹಾಗೇ ಒಂದು ಕಾಲಿನ ಮೇಲೆ ಭಾರ ಬಿಟ್ಟು ನಿಲ್ಲುವ ರೀತಿ.  ಒತ್ತಮ್ಮನ ಮುಖಕ್ಕೆ ಮಾಸ್ಕು, ತಲೆಗೆ ಟೋಪಿ; ಯಾರಿಗೂ ಗುರುತು ಸಿಗಲಿಲ್ಲ.

ಎಲ್ಲರಿಗೂ ಕೇಳುವ ಪ್ರಶ್ನೆಯನ್ನು ಕೇಳಿದಳು. "ನಿಮ್ಮನೇಲಿ ಯಾರಿಗಾದ್ರೂ ಎದೆ ಕ್ಯಾನ್ಸರ್ ಆಗಿತ್ತಾ?"

"ನಮ್ಮನೇಲಾ? ನಮ್ಮನೇಲಿ ಯಾರಿಗೂ ಇಲ್ಲಮ್ಮ. ಅಂಥ ಮನೆತನ ಅಲ್ಲ ನಮ್ದು."

ರಕ್ತದ ಲೆಕ್ಕ ಹಿಡಿದರೆ ಸುಳ್ಳಲ್ಲ. ಸೊಸೆಯ ರೋಗ ಅತ್ತೆಗೆ ಬರುವುದಿಲ್ಲ. ಆದರೆ ಒತ್ತಮ್ಮ ಕೇಳಿದ್ದು "ಮನೇಲಿ" ಎಂದು. ಆ ಮನೆಯ ನೆಲ ಒರೆಸಿ, ಆ ಮನೆಗೊಂದು ಮಗು ಹೆತ್ತುಕೊಟ್ಟು, ಆ ಮನೆಯ ಮಂಚದಲ್ಲೇ ಪ್ರಾಣ ಬಿಟ್ಟವಳು ಇವತ್ತಿಗೂ ಮನೆಯವಳಲ್ಲ! ಒತ್ತಮ್ಮನ ಅಂಗಾಲಿನ ಉರಿ ನೆತ್ತಿಗೇರಿತು.

ಮುದುಕಿ ಆಸ್ಪತ್ರೆಯ ಗೌನಿನ ದಾರ ಬಿಚ್ಚಿದರು. ಘಮ್ಮೆಂದು ಪೌಡರಿನ ವಾಸನೆ ಕೋಣೆ ತುಂಬಿತು. ಕಂಕುಳಲ್ಲಿ, ಎದೆಯ ಕೆಳಗೆ ಬೆಳ್ಳಗೆ ಬಳಿದುಕೊಂಡಿದ್ದರು. ಒದ್ದೆ ಬಟ್ಟೆಯ ಡಬ್ಬಿ ಒತ್ತಮ್ಮನ ಮೊಣಕೈಗೆ ತಗುಲುವಷ್ಟು ಹತ್ತಿರದಲ್ಲಿತ್ತು. ಒಂದು ಸಲ ಅದರತ್ತ ನೋಡಿದಳು. ಆಮೇಲೆ ಗುಬ್ಬಿಯನ್ನು ನೋಡಿ, "ನೀವು ಹೊರಗೆ ಕೂತಿರಮ್ಮ" ಎಂದು ಬಾಗಿಲು ಹಾಕಿದಳು. ಆ ಬಾಯಿಂದ "ಒರೆಸ್ಕೊಳ್ಳಿ" ಎಂಬ ಮಾತು ಹೊರಬರದೆ ತೆಗೆದ ಚಿತ್ರ ಅದೊಂದೇ.

ಸಾಯಂಕಾಲ ಡಾಕ್ಟರಮ್ಮ ಪರದೆಯ ಮುಂದೆ ಹುಬ್ಬು ಗಂಟಿಕ್ಕಿದರು. ಬಿಳೀ ಚುಕ್ಕಿಗಳು, ಒಂದು ಹಿಡಿ ರವೆ ಚೆಲ್ಲಿದ ಹಾಗೆ. "ಚರ್ಮದ ಮೇಲಿನದೋ ಒಳಗಿನದೋ ತಿಳೀತಿಲ್ಲ. ನೀವು ತೆಗೆದದ್ದು ಅಂದ್ಮೇಲೆ ಪೌಡರ್ ಅಂತೂ ಇರಲ್ಲ. ಕರೆಸಿ, ದೊಡ್ಡದು ಮಾಡಿ ಮತ್ತೆ ತೆಗೀರಿ" ಎಂದರು. ಆ ನಂಬಿಕೆ ಒತ್ತಮ್ಮನಿಗೆ ಸ್ವಲ್ಪ ಚುಚ್ಚಿತು. ಸ್ವಲ್ಪವೇ.

ಫೋನು ಮಾಡಿದವಳೂ ಅವಳೇ. "ಚಿತ್ರದಲ್ಲಿ ಏನೋ ಕಾಣ್ತಿದೆ. ಮತ್ತೆ ಬರಬೇಕು."

"ಏನು ಕಾಣ್ತಿದೆ?" ಆ ಕಡೆ ಯಜಮಾನಿಯ ದನಿ ಒಡೆದಿತ್ತು. "ಕೆಟ್ಟದ್ದಾ?"

"ಫೋನಲ್ಲಿ ಹೇಳೋಕಾಗಲ್ಲ. ಮುಂದಿನ ವಾರ ಬನ್ನಿ."

ಮಾರನೆಯ ದಿನವೇ ಯಂತ್ರ ಬಿಡುವಾಗಿತ್ತು. ಬೇಕೆಂದೇ ಮುಂದಿನ ವಾರ ಎಂದಳು. ಕೂತ್ಕೊಳ್ಳಲಿ. ಎದೆ ಮೇಲೆ ಕೈ ಇಟ್ಟುಕೊಂಡು, ಇದೆಯೋ ಇಲ್ಲವೋ ಎಂದು ತಡವುತ್ತ, ಅಕ್ಕ ಕೂತ ಹಾಗೆ ಕೂತ್ಕೊಳ್ಳಲಿ. ಆ ವಾರ ಒತ್ತಮ್ಮ ಹೊಟ್ಟೆ ತುಂಬ ಉಂಡಳು, ಕಣ್ತುಂಬ ನಿದ್ದೆ ಮಾಡಿದಳು. ಕೆಲಸದ ನಡುವೆ ಹಾಡು ಗುನುಗಿದಳೆಂದು ಪಕ್ಕದ ಎಕ್ಸ್-ರೇ ಕೋಣೆಯವರು ಬೆರಗಾದರು. ಇದು ಪಾಪ ಎನ್ನುವವರು ಎನ್ನಲಿ. ಅಕ್ಕನ ಮಂಚದ ಪಕ್ಕ ಕೂತವಳು ಅವಳು, ಎನ್ನುವವರಲ್ಲ.

ವಾರ ಕಳೆದು ಯಜಮಾನಿ ಬಂದಾಗ ಎತ್ತರದ ಗದ್ದ ಎದೆಗಿಳಿದಿತ್ತು. ಊಟ ಬಿಟ್ಟಿದ್ದಾರೆ ಎಂದು ನೋಡಿದರೇ ತಿಳಿಯುತ್ತಿತ್ತು. ಗುಬ್ಬಿ ತೋಳು ಹಿಡಿದು ನಡೆಸಿಕೊಂಡು ಬಂದಳು. ಅವಳ ಕಣ್ಣ ಕೆಳಗೂ ಕಪ್ಪು. ಈ ಸಲ ಒತ್ತಮ್ಮ ಅವಳನ್ನು ಹೊರಗೆ ಕಳಿಸಲಿಲ್ಲ, ಬಾಗಿಲ ಪಕ್ಕದ ಕುರ್ಚಿ ತೋರಿಸಿದಳು. ಒದ್ದೆ ಬಟ್ಟೆ ಕೊಟ್ಟು ಒರೆಸಿಸಿದಳು.  ಒರೆಸಿಕೊಳ್ಳುತ್ತಿದ್ದ ಮುದುಕಿಯ ಕೈ ನಡುವೆ ನಿಂತಿತು, ಬಾಯಿಂದ ಮಾತು ಜಾರಿತು:

"ಇದು ಅಂಟುತ್ತೇನಮ್ಮಾ? ಅವಳು ಹೋದ್ಮೇಲೆ ಅವಳ ಶಾಲು ನಾನೇ ಹೊದ್ಕೊಂಡೆ, ಚೆನ್ನಾಗಿದೆ ಅಂತ. ಅವಳದ್ದೇ ನನಗೆ ಅಂಟ್ಕೊಂಡಿತು. ಬಿಡಲ್ಲ ಅವಳು, ಬಿಡಲ್ಲ."

"ಯಾರ ಶಾಲು ಅಜ್ಜಿ?" ಕುರ್ಚಿಯಿಂದ ಗುಬ್ಬಿ ಕೇಳಿದಳು.

ಯಜಮಾನಿ ಬಾಯಿ ಮುಚ್ಚಿಕೊಂಡರು. ತಡವಾಗಿತ್ತು.

"ಹೇಳಿ," ಒತ್ತಮ್ಮ ಎಂದಳು. "ಮೊಮ್ಮಗಳು ಕೇಳ್ತಿದ್ದಾಳೆ, ಹೇಳಿ. ಜ್ವರ ಅಂಟಿದ್ರೆ ಇಷ್ಟು ಹೆದರ್ತಿದ್ರಾ?" ಮಾಸ್ಕನ್ನು ಎಳೆದು ಕೆಳಗಿಳಿಸಿದಳು. "ಗುರುತು ಸಿಕ್ತಾ ಅತ್ತೇ?"

ಮುದುಕಿ ಗೋಡೆ ಹಿಡಿದುಕೊಂಡರು. "ನೀನಾ! ಅಯ್ಯೋ, ನಿನ್ನ ಕೈಗೆ ಸಿಕ್ಕಿಹಾಕ್ಕೊಂಡ್ನಾ!"

ಇಷ್ಟು ವರ್ಷ ಒಳಗೇ ಅರೆದಿಟ್ಟುಕೊಂಡದ್ದನ್ನು ಒತ್ತಮ್ಮ ಹೊರಗೆ ಹಾಕಿದಳು. ಗೋಲಿಯಷ್ಟು ಗಂಟು, ಕಟ್ಟಿದ ಹಾಲು ಎಂದದ್ದು, ಎದೆ ಬಿಚ್ಚೋರಲ್ಲ ಎಂದದ್ದು, ಡಾಕ್ಟರ ಮುಂದೆ ಹೇಳಿದ ಮಾತು, ಗೋಡೆಯ ಕಡೆ ತಿರುಗಿದ ಅಕ್ಕನ ಬೆನ್ನು, ಒಂದನ್ನೂ ಬಿಡಲಿಲ್ಲ. ಯಜಮಾನಿ ಇಲ್ಲ ಎನ್ನಲಿಲ್ಲ. "ಹುಡುಗಿ ಭವಿಷ್ಯ ನೋಡಬೇಕಿತ್ತಲ್ಲ" ಎಂದು ಒಮ್ಮೆ ಗೊಣಗಿದರು, ಅಷ್ಟೇ. ಗುಬ್ಬಿ ಕೂತು ಎಲ್ಲ ಕೇಳಿಸಿಕೊಂಡಳು. ಮುದುಕಿಯ ಕಣ್ಣಲ್ಲಿ ದಳದಳ ನೀರು. ಸೇಡು ಇಷ್ಟು ಸಿಹಿ ಇರುತ್ತದೆಂದು ಒತ್ತಮ್ಮನಿಗೆ ಕೂಡ ಗೊತ್ತಿರಲಿಲ್ಲ.

ಚಿತ್ರ ತೆಗೆದಳು. 

ಡಾಕ್ಟರಮ್ಮ ಪರದೆ ನೋಡಿ ತಾವೇ ಕೋಣೆಗೆ ಬಂದರು. "ಸದ್ಯ! ಏನೂ ಇಲ್ಲಮ್ಮ, ಎದೆ ಸ್ವಚ್ಛವಾಗಿದೆ. ಹೋದ ಸಲದ್ದು ಬರೀ ಪೌಡರು." ಒತ್ತಮ್ಮನ ಕಡೆ ತಿರುಗಿದರು. "ನೀವು ಒರೆಸಿಸದೆ ತೆಗೆದ್ರಾ? ನೀವು ಮರೆಯೋದು ಅಂದ್ರೆ ಏನ್ರೀ?"

ಮುದುಕಿಗೆ ಮೊದಲ ಮಾತಷ್ಟೇ ಕೇಳಿಸಿತು, ಎದೆ ಹಿಡಿದುಕೊಂಡು ಇನ್ನೊಂದು ಕುರ್ಚಿಗೆ ಕುಸಿದರು. ಎರಡನೆಯದು ಕೇಳಿಸಿದ್ದು ಗುಬ್ಬಿಗೆ. ಎದ್ದು ಬಂದಳು.

"ಮರೆತಿದ್ರಾ?"

ಹೌದು ಎನ್ನಬಹುದಿತ್ತು. ಒಂದು ಮಾತಿಗೆ ಎಲ್ಲ ಮುಗಿಯುತ್ತಿತ್ತು. "ಇಲ್ಲ" ಎಂದಳು ಒತ್ತಮ್ಮ. "ಮರೀಲಿಲ್ಲ. ಬೇಕೂಂತಲೇ ಬಿಟ್ಟೆ. ನಿಮ್ಮಮ್ಮ ಅನುಭವಿಸಿದ ಹೆದರಿಕೆಯನ್ನ ಇವರೂ ಒಂದು ವಾರ ಅನುಭವಿಸಲಿ ಅಂತ."

"ಈಗ ಹೊಟ್ಟೆ ತಣ್ಣಗಾಯ್ತಾ ನಿಂದು?" ಕುರ್ಚಿಯಿಂದ ಯಜಮಾನಿ ಕಿರುಚಿದರು.

"ಆಯ್ತು."

ಗುಬ್ಬಿ ಅಜ್ಜಿಯ ಕಡೆ ತಿರುಗಿಯೂ ನೋಡಲಿಲ್ಲ. ದನಿ ಏರಿಸಲೂ ಇಲ್ಲ. "ಅವತ್ತು ನಾನೂ ಇಲ್ಲೇ ನಿಂತಿದ್ದೆ" ಎಂದಳು. "ಅಮ್ಮನಿಗೇನಾಗಿತ್ತು ಅಂತ ನನಗೆ ಗೊತ್ತಿರಲಿಲ್ಲ. ನಿಮಗೆ ಗೊತ್ತಿತ್ತು. ನನಗೂ ಬರಬಹುದು ಅಂತಲೂ ಗೊತ್ತಿತ್ತು. ನಿಮ್ಮ ಕೆಲಸವೇ ಅದು. ಮತ್ತೆ ನನ್ನನ್ನ ಯಾಕೆ ಕರೀಲಿಲ್ಲ? ಹೊರಗೆ ಕೂತ್ಕೋ ಅಂತ ಕಳಿಸಿ, ಅಜ್ಜಿಯ ಪೌಡರ್ ನೋಡ್ತಾ ನಿಂತ್ರಲ್ಲ?"

  ಇಷ್ಟು ವರ್ಷ ಕಾದದ್ದು ಇವಳಿಗಾಗಿ ಎಂದು ಒತ್ತಮ್ಮ ನಂಬಿಕೊಂಡು ಬಂದಿದ್ದಳು. ಇವಳು ಬಾಗಿಲಿಗೆ ಬಂದು ನಿಂತಾಗ ಬಾಗಿಲು ಹಾಕಿದವಳು ತಾನೇ.

"ಎರಡು ತಿಂಗಳಿಂದ ನನಗೊಂದು ಗಂಟು ಕೈಗೆ ಸಿಗ್ತಿದೆ" ಎಂದು ಗುಬ್ಬಿ ಡಾಕ್ಟರಮ್ಮನಿಗೆ ಹೇಳಿದಳು. "ಮಗೂಗೆ ಹಾಲು ಬಿಡಿಸಿದ್ದಕ್ಕೆ ಹಾಗೆ, ತಾನೇ ಕರಗುತ್ತೆ ಅಂದ್ರು ಅಜ್ಜಿ. ನಾನೂ ಸುಮ್ನಿದ್ದೆ. ಇವತ್ತೇ ನೋಡಿಬಿಡಿ."

 ಒತ್ತಮ್ಮ ಎದುರಿಗಿದ್ದ ಮುದುಕಿಯ ಕತ್ತು ಹಿಚುಕಿಬಿಡಬೇಕು ಎನ್ನುವಷ್ಟು ಕೋಪದಲ್ಲಿ ಎರಡು ಹೆಜ್ಜೆ ಮುಂದೆ ಹೋದಳು, ಹೋಗಿ ಹಾಗೇ ನಿಂತಳು. ಆ ಕೋಪಕ್ಕೆ ಈಗ ಒಂದೇ ಕತ್ತು ಸಾಲುತ್ತಿರಲಿಲ್ಲ. ತನ್ನದೂ ಬೇಕಾಗಿತ್ತು.

ವಯಸ್ಸು ಚಿಕ್ಕದು, ಮೊದಲು ಸ್ಕ್ಯಾನಿಂಗ್ ಮಾಡೋಣ ಎಂದು ಡಾಕ್ಟರಮ್ಮ ಗುಬ್ಬಿಯನ್ನು ಪಕ್ಕದ ಕೋಣೆಗೆ ಕರೆದುಕೊಂಡು ಹೋದರು. ಒತ್ತಮ್ಮ ಹಿಂದೆಯೇ ಹೊರಟಳು.

"ನೀವು ಬರಬೇಡಿ" ಎಂದಳು ಗುಬ್ಬಿ. "ಅಜ್ಜಿ, ನೀನೂ ಬೇಡ."

ಹೊರಗಿನ ಬೆಂಚಿನ ಮೇಲೆ ದಿನಾ ಹೆಂಗಸರು ಕೂತು ಕಾಯುತ್ತಿದ್ದರು. ಒತ್ತಮ್ಮ ಅದರ ಮೇಲೆ ಒಂದು ದಿನವೂ ಕೂತವಳಲ್ಲ. ಕೂತಳು. ಆ ತುದಿಯಲ್ಲಿ ಯಜಮಾನಿ, ಈ ತುದಿಯಲ್ಲಿ ಅವಳು. ಮುದುಕಿ ಈ ಕಡೆ ತಿರುಗಿದರು, "ಏನೂ ಇರಲ್ಲ ಅಲ್ವಾ? ನೀನು ದಿನಾ ನೋಡೋಳು. ಹೇಳು, ಏನೂ ಇರಲ್ಲ ಅಂತ ಹೇಳು."

ಯಾರೇ ಆ ಬೆಂಚಿನಿಂದ ಹಾಗೆ ಕೇಳಿದರೂ ಒತ್ತಮ್ಮ ಒಂದು ಸಮಾಧಾನ ಹೇಳಿ ಕಳಿಸುತ್ತಿದ್ದಳು. ಈ ಮುದುಕಿಗೆ ಹೇಳುವಷ್ಟು ಅವಳ ಮನಸ್ಸು ದೊಡ್ಡದಾಗಿರಲಿಲ್ಲ. ತನಗೇ ಹೇಳಿಕೊಳ್ಳೋಣವೆಂದರೆ ನಂಬಿಕೆ ಬರಲಿಲ್ಲ. "ಬಾಯಿ ಮುಚ್ಕೊಂಡು ಕೂತ್ಕೊಳ್ಳಿ" ಎಂದಳು.

ಒಳಗೆ ಸ್ಕ್ಯಾನಿಂಗ್ ಮಿಷನ್ನಿನಲ್ಲಿ ಚಿತ್ರ ನಿಲ್ಲಿಸಿ ಅಳತೆ ತೆಗೆಯುವ ಗುಂಡಿಯ ಟಿಕ್ ಟಿಕ್ ಶಬ್ದ. ಒಮ್ಮೆ ನಿಂತಿತು, ಮತ್ತೆ ಶುರುವಾಯಿತು. ಒಂದೇ ಜಾಗವನ್ನು ಮತ್ತೆ ಮತ್ತೆ ನೋಡುತ್ತಿದ್ದಾರೆ ಎಂದರೆ ಏನೆಂದು ಒತ್ತಮ್ಮನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.  

ಬಾಗಿಲು ತೆರೆಯಿತು. ಬಂದದ್ದು ಡಾಕ್ಟರಮ್ಮನಲ್ಲ, ಗುಬ್ಬಿ. ಗೌನನ್ನು ಎದೆಗೆ ಅವಚಿಕೊಂಡಿದ್ದಳು. ಬೆಂಚಿನ ಎರಡೂ ತುದಿಯವರು ಒಟ್ಟಿಗೇ ಎದ್ದರು, ಒಬ್ಬರ ಮೇಲೊಬ್ಬರು ಬಾಯಿ ಮಾಡಲು ಹೊರಟರು.

"ನಿಮ್ಮಿಬ್ಬರ ಜಗಳಕ್ಕೆ ಈಗ ನನಗೆ ಪುರುಸೊತ್ತಿಲ್ಲ" ಎಂದಳು ಗುಬ್ಬಿ. "ಸೂಜಿ ಹಾಕಿ ಗಂಟಿನ ಚೂರು ತೆಗೆದು ನೋಡಬೇಕಂತೆ. ಅದಕ್ಕೆ ಮುಂಚೆ ಡಾಕ್ಟರು ಒಂದು ಕೇಳಿದ್ರು. ಇಲ್ಲಿ ನಿಮ್ಮಿಬ್ಬರನ್ನ ಬಿಟ್ರೆ ಇನ್ಯಾರಿಗೂ ಗೊತ್ತಿಲ್ಲದ್ದು. ಅಮ್ಮನಿಗೆ ಗಂಟು ಯಾವ ಕಡೆ ಇತ್ತು?"

"ಎಡಗಡೆ" ಎಂದು ಇಬ್ಬರೂ ಒಟ್ಟಿಗೇ ಹೇಳಿದರು.

ಗುಬ್ಬಿಯ ಕೈ ತನ್ನ ಎಡಗಡೆಗೆ ಹೋಯಿತು. ಇಬ್ಬರ ಮುಖವನ್ನೂ ಒಂದೊಂದು ಸಲ ನೋಡಿದಳು. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.